ಪೀಠದ ಮೇಲಿನ ಹೆಸರು: ಸೋಮನಾಥಪುರದ ರೂವಾರಿಗಳು

ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲಿನ ಸುತ್ತಲ ನಾಡು, ಇಂದಿನ ಆಡಳಿತದ ಲೆಕ್ಕದಲ್ಲಿ ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು, ಬರೆದ ಕಲ್ಲುಗಳಿಗೆ ಹೆಸರಾದ ನಾಡು. ಗಂಗರ ರಾಜಧಾನಿಯಾಗಿದ್ದ ತಲಕಾಡು ಈ ಸೀಮೆಯಲ್ಲಿದೆ. ಗಂಗ ದೊರೆ ನೀತಿಮಾರ್ಗನ ಮರಣವನ್ನು ಚಿತ್ರವಾಗಿಯೂ ಬರಹವಾಗಿಯೂ ಹಿಡಿದಿಟ್ಟ 9ನೆಯ ಶತಮಾನದ ನಿಸಿದಿಗಲ್ಲು, ಎಂದರೆ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲು, ದೊರೆತದ್ದು ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯಲ್ಲಿ. ಹೊಯ್ಸಳ ವಿಷ್ಣುವರ್ಧನನು ಚೋಳರಿಂದ ತಲಕಾಡನ್ನು ಗೆದ್ದು ಕೀರ್ತಿನಾರಾಯಣನನ್ನು ಪ್ರತಿಷ್ಠಿಸಿದ್ದೂ ಇಲ್ಲಿಯೇ. ಈ ಕಲ್ಲುಗಳಲ್ಲಿ ಆಳಿದವರ ಹೆಸರು, ಕಾದಿ ಮಡಿದವರ ಹೆಸರು, ಭೂಮಿ ಬಿಟ್ಟವರ ಮತ್ತು ಪಡೆದವರ ಹೆಸರು ಧಾರಾಳವಾಗಿ ಸಿಗುತ್ತವೆ. ಕಲ್ಲನ್ನು ಕಡಿದವನ ಹೆಸರು ಮಾತ್ರ ಅಪರೂಪ. ಆ ಅಪರೂಪವು ಒಂದೇ ಕಡೆ ರಾಶಿಯಾಗಿ ದೊರೆಯುವ ಸ್ಥಳ ಸೋಮನಾಥಪುರವಾದುದರಿಂದ, ಅಲ್ಲಿನ ಕೇಶವ ದೇವಾಲಯವನ್ನು ಅದರ ಸೊಬಗಿಗಾಗಿ ನೋಡುವಷ್ಟೇ ಎಚ್ಚರದಿಂದ ಅದರ ಪೀಠಗಳ ಮೇಲಿನ ಸಣ್ಣ ಅಕ್ಷರಗಳಿಗಾಗಿಯೂ ನೋಡಬೇಕಾಗುತ್ತದೆ.

ಶಿಲ್ಪಿಗೆ ಹಳಗನ್ನಡ ಶಾಸನಗಳು ಬಳಸುವ ಮಾತು 'ರೂವಾರಿ'. ರೂಪವನ್ನು ಮಾಡುವವನು ಎಂಬರ್ಥದ ಸಂಸ್ಕೃತದ 'ರೂಪಕಾರಿ'ಯು ಕನ್ನಡದ ಬಾಯಲ್ಲಿ ಸವೆದು ಬಂದ ರೂಪ ಇದು. ಇಂದಿನ ಪತ್ರಿಕೆಗಳಲ್ಲಿ ಒಂದು ಯೋಜನೆಗೆ, ಒಂದು ಗೆಲುವಿಗೆ, ಕೆಲವೊಮ್ಮೆ ಒಂದು ಅಪರಾಧಕ್ಕೂ ಮೂಲಪುರುಷನಾದವನನ್ನು ರೂವಾರಿ ಎನ್ನುವುದು ರೂಢಿಯಾಗಿದೆ. ಆ ಮಾತು ಮೊದಲಿಗೆ ಉಳಿ ಹಿಡಿದ ಕೈಗೆ ಸಂದದ್ದು ಎಂಬುದು ಹೆಚ್ಚಿನವರ ನೆನಪಿನಲ್ಲಿಲ್ಲ. ಕಲ್ಲನ್ನು ಸೀಳಿ ಹದಗೊಳಿಸುವವನು ಕಲ್ಕುಟಿಗ, ಅಕ್ಷರಗಳನ್ನು ಕೊರೆಯುವವನು ಕಂಡರಿಸುವವನು, ಮೂರ್ತಿಯನ್ನು ತೆಗೆಯುವವನು ರೂವಾರಿ ಎಂದು ಕೆಲಸಕ್ಕೆ ತಕ್ಕ ಬೇರೆಬೇರೆ ಹೆಸರುಗಳಿದ್ದರೂ ಒಬ್ಬನೇ ಎರಡು ಮೂರು ಕೆಲಸ ಮಾಡುತ್ತಿದ್ದುದೂ ಉಂಟು. ಬರಹವನ್ನು ಕೊರೆದವನು ತನ್ನ ಹೆಸರು ಹೇಳಿಕೊಳ್ಳುವ ಪದ್ಧತಿ ಈ ನಾಡಿಗೆ ಹಳೆಯದು: ಗಂಗರ ತಾಮ್ರಶಾಸನಗಳ ಕೊನೆಯಲ್ಲಿ ವಿಶ್ವಕರ್ಮಾಚಾರ್ಯನೆಂಬ ಹೆಸರು ಕಾಣಿಸಿಕೊಳ್ಳುತ್ತದೆ. ಆದರೆ ದಾನಪತ್ರವನ್ನು ಬರೆದವನ ಹೆಸರಿಗೆ ಒಂದು ವ್ಯವಹಾರದ ಉಪಯೋಗವಿದೆ; ಪತ್ರ ನಿಜವೆನ್ನುವುದಕ್ಕೆ ಅದೊಂದು ಸಾಕ್ಷಿ. ದೇವರ ಮೂರ್ತಿಯ ಕೆಳಗೆ ಮನುಷ್ಯನೊಬ್ಬನು ತನ್ನ ಹೆಸರನ್ನು ಕೊರೆಯುವುದಕ್ಕೆ ಅಂಥ ಉಪಯೋಗವು ಮೇಲುನೋಟಕ್ಕೆ ಕಾಣುವುದಿಲ್ಲ. ಆದುದರಿಂದಲೇ ಅದನ್ನು ವಿಚಾರಿಸಬೇಕಾಗಿದೆ.

ಸೋಮನಾಥಪುರವು ನರಸೀಪುರ ತಾಲ್ಲೂಕಿನಲ್ಲಿ, ಬನ್ನೂರಿಗೆ ಸಮೀಪವಾಗಿ, ಕಾವೇರಿಯ ಹತ್ತಿರ ಇರುವ ಊರು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ, ಎಂದರೆ ಸೇನೆಯ ಅಧಿಪತಿಯಾಗಿದ್ದ, ಸೋಮನಾಥನು ಇಲ್ಲಿ ಅಗ್ರಹಾರವೊಂದನ್ನು ಕಟ್ಟಿಸಿ ಅದಕ್ಕೆ ವಿದ್ಯಾನಿಧಿ ಪ್ರಸನ್ನ ಸೋಮನಾಥಪುರ ಎಂದು ತನ್ನ ಹೆಸರನ್ನೇ ಸೇರಿಸಿ ಕರೆದನು. ಅಗ್ರಹಾರವೆಂದರೆ ವೇದಶಾಸ್ತ್ರಗಳನ್ನು ಬಲ್ಲ ಬ್ರಾಹ್ಮಣ ಕುಟುಂಬಗಳಿಗೆ ಭೂಮಿಯನ್ನು ಪಾಲುಮಾಡಿ ಕೊಟ್ಟು ನೆಲೆಗೊಳಿಸಿದ ಊರು. ಊರಿಗೆ ದೇವಾಲಯ, ದೇವಾಲಯಕ್ಕೆ ದತ್ತಿ, ದತ್ತಿಗೆ ಶಾಸನ ಎಂಬುದು ಅಂದಿನ ಕ್ರಮ. ದೇವಾಲಯದ ಬಾಗಿಲಲ್ಲಿ ನಿಂತಿರುವ ದೊಡ್ಡ ಶಾಸನಶಿಲೆಯು ಈ ಕ್ರಮವನ್ನೇ ಹೇಳುತ್ತದೆ. ಪ್ರತಿಷ್ಠೆಯ ವರ್ಷವನ್ನು ಕ್ರಿ.ಶ. 1268 ಎಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದು, 1258 ಎನ್ನುವ ವಿದ್ವಾಂಸರೂ ಇದ್ದಾರೆ. ಈ ಹತ್ತು ವರ್ಷಗಳ ಅಂತರವು ಇಲ್ಲಿನ ಚರ್ಚೆಯನ್ನು ಹೆಚ್ಚು ಬದಲಿಸುವುದಿಲ್ಲ. ಹೊಯ್ಸಳ ರಾಜ್ಯವು ಸೋಮೇಶ್ವರನ ಇಬ್ಬರು ಮಕ್ಕಳ ನಡುವೆ ಹರಿದು, ದೋರಸಮುದ್ರದಲ್ಲಿ ನರಸಿಂಹನೂ ತಮಿಳು ಸೀಮೆಯ ಕಣ್ಣನೂರಿನಲ್ಲಿ ರಾಮನಾಥನೂ ಆಳುತ್ತಿದ್ದ ಕಾಲ ಅದು ಎಂಬುದನ್ನು ಮಾತ್ರ ನೆನಪಿನಲ್ಲಿಡಬೇಕು. ಒಡೆದ ರಾಜ್ಯದಲ್ಲಿಯೂ ಹಳ್ಳಿಯೊಂದರಲ್ಲಿ ಇಂಥ ಕೆಲಸಕ್ಕೆ ಹಣವೂ ಕುಶಲರೂ ಒದಗಿದರು.

ದೇವಾಲಯವು ತ್ರಿಕೂಟ, ಎಂದರೆ ಒಂದೇ ಮಂಟಪಕ್ಕೆ ತೆರೆದುಕೊಂಡ ಮೂರು ಗರ್ಭಗೃಹಗಳುಳ್ಳದ್ದು. ಪಶ್ಚಿಮದ್ದು ಕೇಶವನದು, ಉತ್ತರದ್ದು ಜನಾರ್ದನನದು, ದಕ್ಷಿಣದ್ದು ವೇಣುಗೋಪಾಲನದು. ಕಟ್ಟಡವೆಲ್ಲ ನಕ್ಷತ್ರದಂತೆ ಮೂಲೆಮೂಲೆಯಾಗಿ ಮಡಿಚಿಕೊಂಡ ಜಗತಿಯ ಮೇಲೆ ನಿಂತಿದೆ. ಜಗತಿಯೆಂದರೆ ಪ್ರದಕ್ಷಿಣೆಗೆ ಬರುವಂತೆ ಎತ್ತರಿಸಿದ ಕಟ್ಟೆ. ಸುತ್ತಲ ಪ್ರಾಕಾರದಲ್ಲಿ 64 ಚಿಕ್ಕ ಗುಡಿಗಳ ಸಾಲಿದೆ. ಗೋಡೆಯ ತಳದಲ್ಲಿ ಒಂದರ ಮೇಲೊಂದು ಆರು ಪಟ್ಟಿಕೆಗಳು: ಆನೆ, ಕುದುರೆ ಸವಾರರು, ಬಳ್ಳಿ, ಪುರಾಣಕಥೆ, ಮಕರ, ಹಂಸ. ಕಥೆಯ ಪಟ್ಟಿಕೆಯಲ್ಲಿ ದಕ್ಷಿಣದ ಗುಡಿಯ ಸುತ್ತ ರಾಮಾಯಣವೂ ಪಶ್ಚಿಮದಲ್ಲಿ ಕೃಷ್ಣನ ಕಥೆಯೂ ಉತ್ತರದಲ್ಲಿ ಮಹಾಭಾರತವೂ ಬಂದಿರುವುದರಿಂದ, ಬಲಕ್ಕೆ ಸುತ್ತಿ ಬರುವ ಭಕ್ತನು ಮೂರು ಗ್ರಂಥಗಳನ್ನು ಕಣ್ಣಿನಿಂದಲೇ ಓದಿ ಮುಗಿಸುತ್ತಿದ್ದನು. ಪಟ್ಟಿಕೆಗಳ ಮೇಲೆ, ಮನುಷ್ಯನ ದೃಷ್ಟಿಗೆ ನೇರವಾಗಿ, ಇನ್ನೂರಕ್ಕೆ ಸಮೀಪದ ದೊಡ್ಡ ಮೂರ್ತಿಗಳ ಸಾಲಿದೆ. ರೂವಾರಿಗಳ ಹೆಸರುಗಳು ಮುಖ್ಯವಾಗಿ ಸಿಗುವುದು ಈ ಸಾಲಿನಲ್ಲಿ, ಮೂರ್ತಿಯ ಪಾದದ ಕೆಳಗಿನ ಪೀಠದ ಅಂಚಿನಲ್ಲಿ.

ಹೆಸರುಗಳನ್ನು ಉಳಿಸಿದ್ದರಲ್ಲಿ ಕಲ್ಲಿನ ಗುಣದ ಪಾತ್ರವೂ ಇದೆ. ಹೊಯ್ಸಳರ ಕಾಲದ ರೂವಾರಿಗಳು ಮೆಚ್ಚಿದ್ದು ಬಳಪದ ಕಲ್ಲು. ಹಿಂದೆ ಶಾಲೆಯ ಹುಡುಗರು ಹಲಗೆಯ ಮೇಲೆ ಬರೆಯುತ್ತಿದ್ದ ಬಳಪವು ಯಾವ ಜಾತಿಯ ಕಲ್ಲೋ ಅದೇ ಜಾತಿಯದಾದ ಈ ಶಿಲೆಯು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಬಿಸಿಲಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತ ಹೋಗುತ್ತದೆ. ಮೂರ್ತಿಯ ಕೊರಳ ಹಾರವನ್ನು ಮೈಯಿಂದ ಬಿಡಿಸಿ ತೋರಿಸುವುದು, ಬೆರಳಿನ ಉಂಗುರವನ್ನು ಬೇರೆಯಾಗಿ ಕೆತ್ತುವುದು, ಮಂಟಪದ ಭುವನೇಶ್ವರಿಗಳನ್ನು, ಎಂದರೆ ಚಾವಣಿಯೊಳಗೆ ಕಮಾನಿನಂತೆ ಆಳವಾಗಿ ಕೊರೆದ ಅಂಕಣಗಳನ್ನು, ಒಂದರಂತೆ ಇನ್ನೊಂದಿಲ್ಲದ ಹಾಗೆ ಬಾಳೆಯ ಮೂತಿಯಾಗಿ ಇಳಿಬಿಡುವುದು, ಕಂಬಗಳನ್ನು ತಿರುಗಣೆಗೆ ಹಿಡಿದು ಬಳೆಬಳೆಯಾಗಿ ನುಣುಪುಗೊಳಿಸುವುದು ಈ ಕಲ್ಲಿನಲ್ಲಿ ಸಾಧ್ಯ. ಒಂದು ಹೆಸರನ್ನು ನಾಲ್ಕು ಉಳಿಯೇಟಿನಲ್ಲಿ ಬರೆಯುವುದೂ ಅಷ್ಟೇ ಸುಲಭ. ಕಣಶಿಲೆಯಂಥ ಗಡಸು ಕಲ್ಲಿನಲ್ಲಿ ಅಕ್ಷರ ಕೊರೆಯುವುದು ಬೇರೆಯದೇ ಒಂದು ದುಡಿಮೆಯಾಗುತ್ತದೆ. ಬಳಪದ ಕಲ್ಲಿನಲ್ಲಿ ಅದು ಕೆಲಸ ಮುಗಿಸಿ ಉಳಿಯನ್ನು ಕೆಳಗಿಡುವ ಮೊದಲಿನ ಕೊನೆಯ ಕೈಚಳಕ.

ಹೀಗೆ ಬರೆದವರ ಪಟ್ಟಿಯಲ್ಲಿ ಮೊದಲನೆಯವನು ಮಲ್ಲಿತಮ್ಮ. ಸುಮಾರು 40 ಮೂರ್ತಿಗಳ ಕೆಳಗೆ ಅವನ ಹೆಸರಿದೆ: ಕೆಲವು ಕಡೆ ಪೂರ್ತಿಯಾಗಿ, ಕೆಲವು ಕಡೆ 'ಮಲ್ಲಿ' ಎಂದು, ಕೆಲವು ಕಡೆ 'ಮ' ಎಂಬ ಒಂದೇ ಅಕ್ಷರವಾಗಿ. ಅವನೊಡನೆ ಕಾಣಿಸಿಕೊಳ್ಳುವವರು ಬಾಲೆಯ, ಚೌಡೆಯ, ಬಾಮಯ, ಮಸಣಿತಮ್ಮ, ಭರ್ಮಯ, ನಂಜಯ, ಯಲಮಸಯ. ಈ ಹೆಸರುಗಳನ್ನು ಸಾವಧಾನವಾಗಿ ಓದಿದರೆ 13ನೆಯ ಶತಮಾನದ ದಕ್ಷಿಣ ಕರ್ನಾಟಕದ ಊರುಕೇರಿಗಳು ಕಣ್ಣ ಮುಂದೆ ಬರುತ್ತವೆ. ಚೌಡೆಯನ ಹಿಂದೆ ಗ್ರಾಮದೇವತೆ ಚೌಡಿಯಿದ್ದಾಳೆ, ಮಸಣಿತಮ್ಮನ ಹಿಂದೆ ಮಸಣದ ದೇವತೆಯಿದ್ದಾಳೆ, ಭರ್ಮಯನಲ್ಲಿ ಬ್ರಹ್ಮನು ಜನರ ಬಾಯಿಗೆ ತಕ್ಕಂತೆ ಬದಲಾಗಿದ್ದಾನೆ. ನಂಜಯನೆಂಬುದು ವಿಷವನ್ನುಂಡ ನಂಜುಂಡನ ಹೆಸರು. ಆ ದೇವರ ಊರಾದ ನಂಜನಗೂಡು ಇದೇ ಸೀಮೆಯದು, ನಂಜಯ್ಯ, ನಂಜುಂಡಯ್ಯ, ನಂಜಮ್ಮ ಎಂಬ ಹೆಸರುಗಳು ಇಂದಿಗೂ ಇಲ್ಲಿ ಮನೆಮನೆಯಲ್ಲಿವೆ. ಇಷ್ಟರಿಂದಲೇ ಆ ರೂವಾರಿಯನ್ನು ನಂಜನಗೂಡಿನವನೆಂದು ಹೇಳಲಾಗದು, ಏಕೆಂದರೆ ಹೆಸರು ಭಕ್ತಿಯೊಡನೆ ದೂರ ಹೋಗುತ್ತದೆ. ಆದರೆ ವಿಷ್ಣುವಿನ ಗುಡಿಯ ಗೋಡೆಯಲ್ಲಿ ಶಿವನ ಹೆಸರಿನವನೊಬ್ಬನು, ಊರಮ್ಮಂದಿರ ಹೆಸರಿನವರ ಪಕ್ಕದಲ್ಲಿ ಕುಳಿತು ಕೆಲಸ ಮಾಡಿದನೆಂಬುದು ಕಲ್ಲೇ ಹೇಳುವ ಮಾತು.

ಮಲ್ಲಿತಮ್ಮನ ಹೆಸರು ಸೋಮನಾಥಪುರದ ಆಚೆಗೂ ಹೋಗುತ್ತದೆ. ಎರಡನೆಯ ಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ತರೀಕೆರೆ ತಾಲ್ಲೂಕಿನ ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿ ಅದು ಸಿಗುತ್ತದೆ. 1246ರ ಸುಮಾರಿಗೆ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿಯೂ ಸಿಗುತ್ತದೆ. ನುಗ್ಗೇಹಳ್ಳಿಯಲ್ಲಿ ದಕ್ಷಿಣದ ಗೋಡೆಯನ್ನು ನಂದಿಯ ಬೈಚೋಜನೂ ಉತ್ತರದ ಗೋಡೆಯನ್ನು ಮಲ್ಲಿತಮ್ಮನೂ ಹಂಚಿಕೊಂಡರೆಂಬುದು ಅವರವರ ಸಹಿಗಳಿಂದಲೇ ಗೊತ್ತಾಗುತ್ತದೆ. ಇವೆಲ್ಲವೂ ಒಬ್ಬನವೇ ಆದರೆ ಅಮೃತಾಪುರದಿಂದ ಸೋಮನಾಥಪುರದವರೆಗೆ ಅವನ ಕೆಲಸದ ಬದುಕು 60 ವರ್ಷಗಳನ್ನು ಮೀರುತ್ತದೆ. ಚಿಕ್ಕ ಹುಡುಗನಾಗಿ ಕಮ್ಮಟಕ್ಕೆ ಸೇರಿ ಮುದಿಯಾಗುವವರೆಗೆ ಉಳಿ ಹಿಡಿದವನಿಗೆ ಇದು ಅಸಾಧ್ಯವಲ್ಲ. ಆದರೂ ತಾತನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿಯುಳ್ಳ ನಾಡಿನಲ್ಲಿ, ಒಂದೇ ಮನೆತನದ ಇಬ್ಬರು ಮಲ್ಲಿತಮ್ಮರು ಇದ್ದಿರಬಹುದೆಂಬ ಊಹೆಯು ಹೆಚ್ಚು ಸಹಜವಾಗಿ ತೋರುತ್ತದೆ. ಯಾವುದನ್ನು ಒಪ್ಪಿದರೂ ಒಂದು ಸಂಗತಿ ಸ್ಥಿರವಾಗಿ ನಿಲ್ಲುತ್ತದೆ: ಈ ರೂವಾರಿಗಳು ಒಂದು ಊರಿಗೆ ಕಟ್ಟುಬಿದ್ದವರಲ್ಲ, ಒಬ್ಬ ಅರಸನ ಕಾಲಕ್ಕೆ ಮುಗಿದವರೂ ಅಲ್ಲ, ಕೆಲಸವಿದ್ದಲ್ಲಿಗೆ ಹೋಗಿ, ದಂಡನಾಯಕರು ಬದಲಾದಂತೆ ಗೋಡೆಯಿಂದ ಗೋಡೆಗೆ ನಡೆದವರು.

ಸಹಿ ಏಕೆ ಎಂಬ ಪ್ರಶ್ನೆಗೆ ಎರಡು ಉತ್ತರಗಳು ಬಳಕೆಯಲ್ಲಿವೆ. ಅದು ಕೂಲಿಯ ಲೆಕ್ಕಕ್ಕೆ ಮಾಡಿದ ಗುರುತು ಎಂಬುದು ಒಂದು. 'ಮ' ಎಂಬ ಒಂಟಿ ಅಕ್ಷರವು ಈ ವಾದಕ್ಕೆ ಬಲ ಕೊಡುತ್ತದೆ, ಏಕೆಂದರೆ ಯಾರ ಕಲ್ಲು ಯಾವುದೆಂದು ಎಣಿಸುವವನಿಗೆ ಅಷ್ಟೇ ಸಾಕು. ಅದು ಕೀರ್ತಿಯ ಆಸೆ ಎಂಬುದು ಇನ್ನೊಂದು. ಇದಕ್ಕೆ ಬೇಲೂರನ್ನು ಉದಾಹರಿಸುವುದುಂಟು. 1117ರ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಮೊದಲಾದವರು ತಮ್ಮ ಊರು, ತಂದೆಯ ಹೆಸರು, ಎದುರಾಳಿ ರೂವಾರಿಗಳನ್ನು ಹಣಿದವರೆಂಬರ್ಥದ ಬಿರುದುಗಳನ್ನು ಸಹ ಸೇರಿಸಿ ಬರೆದುಕೊಂಡರು. ಸೋಮನಾಥಪುರದ ಸಹಿಗಳು ಹಾಗಿಲ್ಲ. ಅಲ್ಲಿ ಬಿರುದಿಲ್ಲ, ಊರಿಲ್ಲ; ಉಪಾಧ್ಯಾಯನೆಂಬುದರಿಂದ ಬಂದ, ಕುಶಲಕರ್ಮಿಗಳ ಗೌರವಸೂಚಕವಾದ 'ಓಜ' ಎಂಬ ಪ್ರತ್ಯಯವೂ ಮೇಲೆ ಹೇಳಿದ ಹೆಸರುಗಳಲ್ಲಿಲ್ಲ. ಮನೆಯಲ್ಲಿ ಕರೆಯುವ ಹೆಸರನ್ನೇ ಬರೆದಂತಿದೆ.

ಈ ಎರಡರ ಜೊತೆಗೆ ಮೂರನೆಯ ಕಾರಣವೊಂದನ್ನು ಗೋಡೆಯ ಮೂರ್ತಿಗಳೇ ಸೂಚಿಸುತ್ತವೆ. ವಿಷ್ಣುವಿನ ನಾಲ್ಕು ಕೈಗಳಲ್ಲಿ ಶಂಖ, ಚಕ್ರ, ಗದೆ, ಪದ್ಮಗಳು ಬರುವ ಕ್ರಮ ಬದಲಾದಂತೆ ಮೂರ್ತಿಯ ಹೆಸರು ಬದಲಾಗುತ್ತದೆ: ನಾಲ್ಕು ಆಯುಧಗಳನ್ನು ನಾಲ್ಕು ಕೈಗಳಿಗೆ ಹಂಚುವ 24 ಬಗೆಗಳಿಗೆ ಸರಿಯಾಗಿ ಕೇಶವ, ನಾರಾಯಣ, ಮಾಧವ ಎಂದು ಮೊದಲಾಗುವ 24 ನಾಮಗಳಿವೆ. ಸಂಧ್ಯಾವಂದನೆಯ ಆಚಮನದಲ್ಲಿ ಹೇಳುವ ನಾಮಗಳೂ ಇವೇ. ಒಂದು ಶಂಖವು ಮೇಲಿನ ಕೈಯಿಂದ ಕೆಳಗಿನ ಕೈಗೆ ಬಂದರೆ ಮಾಧವನು ಇನ್ನೊಬ್ಬನಾಗಿಬಿಡುತ್ತಾನೆ. ಅಗ್ರಹಾರದ ವಿದ್ವಾಂಸರು ದಿನವೂ ಸುತ್ತಿ ಬರುವ ಗೋಡೆಯಲ್ಲಿ ಅಂಥ ತಪ್ಪು ಅಡಗುವುದಿಲ್ಲ. ಹೀಗೆ ಶಾಸ್ತ್ರದ ಕಟ್ಟುನಿಟ್ಟಿಗೆ ಒಳಗಾದ ಕೆಲಸದಲ್ಲಿ ಪೀಠದ ಮೇಲಿನ ಹೆಸರು ಹೊಣೆಗಾರಿಕೆಯ ಮಾತೂ ಆಗುತ್ತದೆ: ಈ ಮೂರ್ತಿ ಸರಿಯಾಗಿದ್ದರೆ ನನ್ನದು, ತಪ್ಪಿದ್ದರೂ ನನ್ನದು ಎಂಬ ಒಪ್ಪಿಗೆ. ಲೆಕ್ಕ, ಹೆಮ್ಮೆ, ಹೊಣೆ ಈ ಮೂರೂ ಕೂಡಿಯೇ ಆ ಅಕ್ಷರಗಳು ಮೂಡಿವೆ ಎಂದು ತಿಳಿಯುವುದು ಯುಕ್ತ. ಕೂಲಿಯ ಗುರುತು ಮಾತ್ರ ಬೇಕಿದ್ದರೆ ಮಲ್ಲಿತಮ್ಮನು ಎಲ್ಲ ಕಡೆಯೂ 'ಮ' ಎಂದು ಬರೆದು ಮುಗಿಸಬಹುದಿತ್ತು.

ಇದೇ ಕಾಲಮಾನದಲ್ಲಿ ಬಹುದೂರದ ಇನ್ನೊಂದು ಹಳ್ಳಿಯ ಪೂಜಾಸ್ಥಳದಲ್ಲಿಯೂ ಇಂಥ ಹೆಸರೊಂದು ಉಳಿದಿದೆ. ಇಂಗ್ಲೆಂಡಿನ ಉತ್ತರ ಭಾಗದ ಕಂಬ್ರಿಯಾ ಸೀಮೆಯ ಬ್ರೈಡ್‌ಕರ್ಕ್ ಎಂಬ ಹಳ್ಳಿಯ ಚರ್ಚಿನಲ್ಲಿ 12ನೆಯ ಶತಮಾನದ ಜ್ಞಾನಸ್ನಾನದ ಕಲ್ಲುತೊಟ್ಟಿಯಿದೆ. ಕ್ರೈಸ್ತರು ಮಗುವಿಗೆ ನೀರೆರೆದು ಹೆಸರಿಟ್ಟು ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರವೇ ಜ್ಞಾನಸ್ನಾನ. ತೊಟ್ಟಿಯ ಹೊರಮೈಯಲ್ಲಿ ಯೇಸುವಿನ ಸ್ನಾನದ ದೃಶ್ಯವಿದೆ. ಇನ್ನೊಂದು ಮಗ್ಗುಲಲ್ಲಿ ಉತ್ತರ ಯೂರೋಪಿನ ಹಳೆಯ ರೂನ್ ಲಿಪಿಯಲ್ಲಿ, ಅದನ್ನು ಕೆತ್ತಿದವನು ರಿಕಾರ್ತ್ ಎಂಬ ಬರಹವಿದೆ. ಬರಹದ ಬಳಿ ಉಳಿ ಸುತ್ತಿಗೆ ಹಿಡಿದು ಬಳ್ಳಿಯನ್ನು ಕಡಿಯುತ್ತಿರುವ ಚಿಕ್ಕ ಮನುಷ್ಯಾಕೃತಿಯೂ ಇದೆ. ಹುಟ್ಟಿದವರಿಗೆಲ್ಲ ಹೆಸರು ಕೊಡುವ ಕಲ್ಲಿಗೆ ತನ್ನ ಹೆಸರನ್ನೂ ಕೊಟ್ಟ ರಿಕಾರ್ತ್‌ನಿಗೂ ಮಲ್ಲಿತಮ್ಮನಿಗೂ ಪರಸ್ಪರ ಯಾವ ಸಂಬಂಧವೂ ಇರಲಿಲ್ಲ. ದೊಡ್ಡ ಪಟ್ಟಣಗಳಿಂದ ದೂರದ ಎರಡು ಹಳ್ಳಿಗಳಲ್ಲಿ, ಎರಡು ಧರ್ಮಗಳ ಆಶ್ರಯದಲ್ಲಿ, ಪವಿತ್ರವಾದ ವಸ್ತುವಿನ ಮೇಲೆ ಕೆಲಸಗಾರನ ಹೆಸರಿಗೆ ಎಡೆಯಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ.

ನೀರಿನ ಸಂಸ್ಕಾರ ಮಾತ್ರ ಎರಡು ಕಡೆಯೂ ಬೇರೆ ದಾರಿ ಹಿಡಿದಿದೆ. ಅಲ್ಲಿ ಮನುಷ್ಯನು ಕೆತ್ತಿದ ಕಲ್ಲಿನೊಳಗಿನ ನೀರಿಗೆ ಬರುತ್ತಾನೆ. ಇಲ್ಲಿ ಕೆತ್ತಿದ ಕಲ್ಲೇ ನೀರಿಗೆ ಇಳಿಯುತ್ತದೆ. ಆಗಮಗಳು, ಎಂದರೆ ದೇವಾಲಯದ ನಿರ್ಮಾಣವನ್ನೂ ಪೂಜೆಯನ್ನೂ ವಿಧಿಸುವ ಶಾಸ್ತ್ರಗಳು, ಗರ್ಭಗೃಹದಲ್ಲಿಡುವ ಮೂರ್ತಿಗೆ ಪ್ರತಿಷ್ಠೆಯ ಮುನ್ನ ಜಲಾಧಿವಾಸವನ್ನು ಹೇಳುತ್ತವೆ. ಹೊಸ ಮೂರ್ತಿಯನ್ನು ನೀರಿನಲ್ಲಿ ಮಲಗಿಸಿ, ಬಳಿಕ ಧಾನ್ಯದ ರಾಶಿಯಲ್ಲಿ ಇರಿಸುವ ಧಾನ್ಯಾಧಿವಾಸ, ಹಾಸಿಗೆಯ ಮೇಲೆ ಇರಿಸುವ ಶಯ್ಯಾಧಿವಾಸಗಳನ್ನು ಮುಗಿಸಿ, ಕೊನೆಗೆ ನೇತ್ರೋನ್ಮೀಲನ ಮಾಡುತ್ತಾರೆ. ನೇತ್ರೋನ್ಮೀಲನವೆಂದರೆ ಚಿನ್ನದ ಸಲಾಕೆಯಿಂದ ಮೂರ್ತಿಯ ಕಣ್ಣು ತೆರೆಸುವುದು. ಆ ಹೊತ್ತಿನವರೆಗೂ ರೂವಾರಿಯ ಕೈಗೆ ಮೂರ್ತಿಯ ಮೇಲೆ ಅಧಿಕಾರವಿರುತ್ತದೆ, ಆಮೇಲೆ ಅದು ಅರ್ಚಕನ ವಶ. ಅಭಿಷೇಕದ ನೀರು ತೀರ್ಥವಾಗುವುದು ಈ ಕ್ಷಣದ ನಂತರವೇ. ಹೊರಗೋಡೆಯ ಮೂರ್ತಿಗಳಿಗೆ ಈ ದೈನಂದಿನ ಅಭಿಷೇಕವಿಲ್ಲ. ಅವು ನೋಡುವವರಿಗಾಗಿ ನಿಂತವು. ಕಲ್ಲು ದೇವರಾಗುವ ಗಡಿಯ ಈಚೆಗೆ ಉಳಿದ ಆ ಜಾಗದಲ್ಲಿ ಮನುಷ್ಯನ ಹೆಸರಿಗೆ ಅವಕಾಶ ದೊರೆತದ್ದು ಆಕಸ್ಮಿಕವೆಂದು ತೋರುವುದಿಲ್ಲ.

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಪೀಠಗಳಲ್ಲಿಯೂ ಬರಹಗಳಿವೆ. ಅವುಗಳ ರೀತಿ ಬೇರೆ. ಕಪಿಲೆಯ ದಡದ ಈ ದೇವಾಲಯವು ಗಂಗರ ಕಾಲದಿಂದ ಮೈಸೂರು ಒಡೆಯರ ಕಾಲದವರೆಗೆ ಬೆಳೆಯುತ್ತ ಬಂದು, 385 ಅಡಿ ಉದ್ದ, 160 ಅಡಿ ಅಗಲ, 147 ಕಂಬಗಳ ವಿಸ್ತಾರವನ್ನು ಪಡೆದಿದೆ. 19ನೆಯ ಶತಮಾನದ ನಡುಭಾಗದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಎತ್ತಿಸಿದ ಗೋಪುರವು 120 ಅಡಿ ಎತ್ತರವಿದೆ. ಒಳಗಿನ ಪ್ರಾಕಾರದಲ್ಲಿ 63 ಪುರಾತನರ, ಎಂದರೆ ತಮಿಳುನಾಡಿನ ಶಿವಭಕ್ತರಾದ ನಾಯನ್ಮಾರರ, ಮೂರ್ತಿಗಳು ಸಾಲಾಗಿದ್ದು ಯಾರು ಯಾರೆಂದು ಪೀಠಗಳಲ್ಲಿ ಬರೆದಿದೆ. ಮುಮ್ಮಡಿಯವರೂ ಅವರ ರಾಣಿಯರೂ ಕೈಮುಗಿದು ನಿಂತ ಭಕ್ತವಿಗ್ರಹಗಳಿಗೂ ಹೆಸರುಗಳಿವೆ. ಇಲ್ಲಿ ಹೆಸರು ಮೂರ್ತಿಯದು, ಇಲ್ಲವೆ ಅದನ್ನು ಮಾಡಿಸಿದವರದು. ಬರುವ ಯಾತ್ರಿಕನಿಗೆ ಗುರುತು ಹೇಳುವುದು ಅದರ ಉದ್ದೇಶ, ಅದು ಸಾರ್ಥಕವೂ ಹೌದು. ಆದರೆ ಆರು ಶತಮಾನಗಳ ಅಂತರದಲ್ಲಿ, ಹತ್ತಿರ ಹತ್ತಿರದ ಎರಡು ಊರುಗಳ ನಡುವೆ, ಪೀಠವೆಂಬ ಅದೇ ಗೇಣುದ್ದದ ಜಾಗವು ಮಾಡಿದವನಿಂದ ಮಾಡಿಸಿದವನಿಗೆ ಕೈಬದಲಾಯಿತು. ರೂವಾರಿಯ ದೃಷ್ಟಿಯಿಂದ ನೋಡಿದರೆ ಇದು ಸಣ್ಣ ನಷ್ಟವಲ್ಲ.

ಸೋಮನಾಥಪುರದ ಸಹಿಗಳು ಇಂದು ಓದುಗರಿಗೆ ಗೊತ್ತಿರುವುದಕ್ಕೆ ಮುಖ್ಯ ಕಾರಣ ಆರ್. ನರಸಿಂಹಾಚಾರ್ಯರ ದುಡಿಮೆ. ಬಿ.ಎಲ್. ರೈಸ್ ಅವರು 1894ರಲ್ಲಿ ಪ್ರಕಟಿಸಿದ ಶಾಸನಸಂಪುಟದಲ್ಲಿ ನಂಜನಗೂಡು ಮತ್ತು ನರಸೀಪುರ ತಾಲ್ಲೂಕುಗಳ ಶಾಸನಗಳು ಮೊದಲಿಗೆ ಒಟ್ಟಾಗಿ ಬೆಳಕು ಕಂಡವು. ರೈಸ್ ಅವರ ಅನಂತರ ಮೈಸೂರು ಪುರಾತತ್ವ ಇಲಾಖೆಯ ಹೊಣೆ ಹೊತ್ತ ನರಸಿಂಹಾಚಾರ್ಯರು ದೊಡ್ಡ ಶಾಸನಗಳಿಗೆ ಕೊಡುವಷ್ಟೇ ಗಮನವನ್ನು ಪೀಠದ ಒಂದು ಪದದ ಬರಹಗಳಿಗೂ ಕೊಟ್ಟು, ಯಾವ ಮೂರ್ತಿಯ ಕೆಳಗೆ ಯಾರ ಹೆಸರಿದೆಯೆಂದು ಗುರುತಿಸಿ, 1917ರಲ್ಲಿ ಕೇಶವ ದೇವಾಲಯದ ಮೇಲೆ ಪ್ರತ್ಯೇಕ ಪುಸ್ತಕವನ್ನೇ ಹೊರತಂದರು. ಅರಸರ ವಂಶಾವಳಿಯನ್ನು ಜೋಡಿಸುವುದೇ ಇತಿಹಾಸವೆಂದು ಬಹುಮಂದಿ ತಿಳಿದಿದ್ದ ಕಾಲದಲ್ಲಿ ಒಬ್ಬ ಕನ್ನಡ ವಿದ್ವಾಂಸರು ಬಾಗಿ ನಿಂತು ಬಾಲೆಯ, ಚೌಡೆಯರ ಹೆಸರುಗಳನ್ನು ಬರೆದುಕೊಂಡದ್ದು ಕೃತಜ್ಞತೆಯಿಂದ ನೆನೆಯಬೇಕಾದ ಕೆಲಸ.

ಗರ್ಭಗೃಹದ ಮೂಲ ಕೇಶವಮೂರ್ತಿಯು ಈಗ ಇಲ್ಲ. ಅಗ್ರಹಾರದ ಹಳೆಯ ವ್ಯವಸ್ಥೆಯೂ ಉಳಿದಿಲ್ಲ; ಸೋಮನಾಥನೇ ಕಟ್ಟಿಸಿದ ಪಂಚಲಿಂಗ ದೇವಾಲಯವು ಊರಿನಲ್ಲಿ ಸರಳವಾಗಿ, ಹೆಚ್ಚು ಜನರ ಕಣ್ಣಿಗೆ ಬೀಳದೆ ನಿಂತಿದೆ. ಕೇಶವ ದೇವಾಲಯವು 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳೊಡನೆ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಬರುವವರ ಸಂಖ್ಯೆಯೊಡನೆ ಕಲ್ಲಿನ ಮೇಲೆ ಕೈಯಾಡಿಸುವವರ ಸಂಖ್ಯೆಯೂ ಹೆಚ್ಚುವ ಅಪಾಯವಿದೆ. ಪೀಠದ ಅಕ್ಷರಗಳ ಆಳ ಬಹಳ ಕಡಿಮೆ; ಬಳಪದ ಕಲ್ಲು ಎಷ್ಟೇ ಗಟ್ಟಿಯಾಗಿದ್ದರೂ ಬೆರಳ ಉಜ್ಜುವಿಕೆಗೆ ಸವೆಯುತ್ತದೆ, ಓದಲು ಸುಲಭವಾಗಲೆಂದು ಬಳಿಯುವ ಸೀಮೆಸುಣ್ಣವು ಅಕ್ಷರದ ಅಂಚನ್ನು ಕೆಡಿಸುತ್ತದೆ. ಬೆಳಗಿನ ಇಲ್ಲವೆ ಸಂಜೆಯ ಓರೆಬಿಸಿಲು ಗೋಡೆಗೆ ಬೀಳುವ ಹೊತ್ತಿನಲ್ಲಿ ಹೋದವರು ಮೂರ್ತಿಯ ಮುಖವನ್ನು ನೋಡಿದ ಮೇಲೆ ಸ್ವಲ್ಪ ಬಾಗಿ ಪಾದದ ಕೆಳಗೂ ನೋಡಲಿ. ಆ ಬೆಳಕಿನಲ್ಲಿ ಮಲ್ಲಿತಮ್ಮನ ಹೆಸರನ್ನು ಕಾಣಲು ಕಣ್ಣು ಸಾಕು, ಕೈ ಮುಟ್ಟಿಸಬೇಕಾಗಿಲ್ಲ.